ಮುಂಬಯಿಗೆ ಹೊರಟ ಕೌದಿ

ರೈಲು ರದ್ದಾಗಬಹುದಿತ್ತು. ರದ್ದಾಗದಿದ್ದರೆ ಆರು ತಾಸು ತಡವಾಗಬಹುದಿತ್ತು. ಸಮಯಕ್ಕೇ ಬಂದರೂ ನಮ್ಮ ಡಬ್ಬಿಯೊಂದನ್ನೇ ಜೋಡಿಸದೆ ಬಿಟ್ಟಿರಬಹುದಿತ್ತು. ಹಾಗಾದದ್ದನ್ನು ನಾನು ಕಂಡಿಲ್ಲ, ಆದರೆ ಆಗುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ. ಫೋನು ಕಳೆದು ಅದರೊಳಗಿನ ಟಿಕೇಟೂ ಅದರ ಜೊತೆಗೇ ಹೋಗಬಹುದಿತ್ತು. ಅದಕ್ಕೆಂದೇ ಮೂರು ಪ್ರತಿ ಮುದ್ರಿಸಿ ಮೂರು ಅಂಗಿಗಳ ಜೇಬಿನಲ್ಲಿಟ್ಟಿದ್ದೆ. ಆ ಮೂರನ್ನೂ ಹೆಂಡತಿ ಒಟ್ಟಿಗೇ ಒಗೆಯಲು ಹಾಕಬಹುದಿತ್ತು. ಸೊಲ್ಲಾಪುರದಲ್ಲಿ ಅಕ್ಕ ನೀರಿಗೆಂದು ಇಳಿದು ಅಲ್ಲೇ ಉಳಿಯಬಹುದಿತ್ತು. ಮುಂಬಯಿಯಲ್ಲಿ ಮಳೆ ಹೊಯ್ದು ಹಳಿ ಮುಳುಗಬಹುದಿತ್ತು. ನಾವು ಹೊರಟದ್ದು ಡಿಸೆಂಬರಿನಲ್ಲಿ ಎಂದು ಹೆಂಡತಿ ನೆನಪಿಸಿದಳು. ಅಕಾಲಿಕ ಮಳೆ ಎನ್ನುವುದು ಒಂದಿದೆ ಎಂದು ನಾನು ಅವಳಿಗೆ ನೆನಪಿಸಿದೆ. ಲಾಡ್ಜಿನವರು ಆಧಾರ್ ಕಾರ್ಡು ನೋಡಿ ನಮ್ಮನ್ನು ಹೊರಗೆ ಹಾಕಬಹುದಿತ್ತು, ಏಕೆಂದರೆ ಕಾರ್ಡಿನ ಪ್ರಕಾರ ನನ್ನ ಅಕ್ಕ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಟ್ಯಾಕ್ಸಿಯವನು ನಮ್ಮನ್ನು ಊರೆಲ್ಲ ಸುತ್ತಿಸಿ ಪುಣೆಯ ರಸ್ತೆಯಲ್ಲಿ ಇಳಿಸಬಹುದಿತ್ತು. ಲೋಕಲ್ ರೈಲಿನ ಬಾಗಿಲಲ್ಲಿ ಕೌದಿಯ ಗಂಟು ಕೈಜಾರಬಹುದಿತ್ತು. ಲಾಡ್ಜಿನ ಇಲಿ ಅದನ್ನು ಕಡಿಯಬಹುದಿತ್ತು. ಇಷ್ಟೆಲ್ಲ ದಾಟಿ ಹೋದಮೇಲೆ, ಅಲ್ಲಿ ಪ್ರದರ್ಶನವೇ ಇಲ್ಲ, ಎಲ್ಲ ಯಾರೋ ಫೋನಿನಲ್ಲಿ ಮಾಡಿದ ಮೋಸ ಎಂದು ಗೊತ್ತಾಗಬಹುದಿತ್ತು.

ನಾನು ಸೇಡಂನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ವಯಸ್ಸು ಐವತ್ತಮೂರು. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು, ನಾಲ್ಕನೆಯ ಸಲ ಜಗ್ಗಿದರೆ ಬೀಗ ಸಡಿಲವಾದೀತೆಂದು ಅಲ್ಲಿಗೇ ನಿಲ್ಲಿಸುವವನು. ಇಂಥವನು ಅಕ್ಕನಿಗೆ ಜೊತೆಯಾಗಿ ಮುಂಬಯಿಗೆ ಹೋಗಬೇಕಾಗಿ ಬಂದದ್ದು ತೊಗರಿಯ ದೆಸೆಯಿಂದ. ಅಕ್ಕನ ಮನೆ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ. ಡಿಸೆಂಬರ್ ಎಂದರೆ ತೊಗರಿ ಕೊಯ್ಯುವ ಹೊತ್ತು. ಭಾವನಾಗಲಿ ಅವಳ ಮಕ್ಕಳಾಗಲಿ ಹೊಲ ಬಿಟ್ಟು ಕದಲುವಂತಿರಲಿಲ್ಲ. ಹೈಸ್ಕೂಲಿನ ಗುಮಾಸ್ತನನ್ನು ಮಾತ್ರ ಯಾವ ಬೆಳೆಯೂ ಕಾಯುವುದಿಲ್ಲ.

ಕೌದಿಯ ಸಂಗತಿ ಹೀಗೆ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದ ಒತ್ತೊತ್ತಾಗಿ ಹೊಲಿದ ಹೊದಿಕೆಗೆ ನಮ್ಮ ಕಡೆ ಕೌದಿ ಎನ್ನುತ್ತಾರೆ. ಅಕ್ಕ ನಲವತ್ತು ವರ್ಷದಿಂದ ಹೊಲಿಯುತ್ತಿದ್ದಾಳೆ. ಹಿಂದಿನ ವರ್ಷ ಸನ್ನತಿಯ ಉತ್ಖನನದ ಕಲ್ಲುಗಳನ್ನು ನೋಡಲು ಬಂದಿದ್ದ ಕನ್ನಡಕದ ಹೆಣ್ಣುಮಗಳೊಬ್ಬಳು ಅಕ್ಕನ ಕಟ್ಟೆಯ ಮೇಲೆ ಹರಡಿದ್ದ ಅರ್ಧಮರ್ಧ ಹೊಲಿದ ಕೌದಿಯನ್ನು ಕಂಡು, ಎರಡು ಸಾವಿರ ವರ್ಷದ ಕಲ್ಲುಗಳನ್ನು ಅಲ್ಲೇ ಬಿಟ್ಟು ಇಲ್ಲಿ ಒಂದು ತಾಸು ಕೂತಳಂತೆ. ಫೋಟೋ ತೆಗೆದುಕೊಂಡು ಹೋದವಳು ಆರು ತಿಂಗಳ ಮೇಲೆ ಫೋನು ಮಾಡಿದಳು. ಮುಂಬಯಿಯಲ್ಲಿ ದೇಶದ ಬೇರೆಬೇರೆ ಕಡೆಯ ಕೌದಿಗಳನ್ನು ಗೋಡೆಗೆ ತೂಗುಹಾಕಿ ನಲವತ್ತು ದಿನ ತೋರಿಸುತ್ತಾರೆ, ನಿಮ್ಮದನ್ನೂ ಆರಿಸಿದ್ದೇವೆ, ಶುಕ್ರವಾರ ಸಂಜೆ ಐದರೊಳಗೆ ಕೈಗೆ ಮುಟ್ಟಿಸಬೇಕು, ಶನಿವಾರ ಬಾಗಿಲು ತೆರೆಯುತ್ತದೆ. ಐದು ದಾಟಿದರೆ ಆ ಜಾಗಕ್ಕೆ ಬೇರೆಯವರದ್ದು ಬರುತ್ತದೆ.

ಪಾರ್ಸೆಲ್ ಹಾಕಿಬಿಡೋಣವೆಂದು ನಾನು ಸೂಚಿಸಿದೆ. ಹೇಳಿದ ಮರುಕ್ಷಣವೇ ಪಾರ್ಸೆಲ್ ಕಳೆದುಹೋಗುವ ಹನ್ನೊಂದು ವಿಧಾನಗಳು ನನಗೇ ಹೊಳೆದವು. ಅಕ್ಕ ಅಷ್ಟು ದೂರ ಯೋಚಿಸಲಿಲ್ಲ.

"ಕೌದಿ ಹುಟ್ಟಿದಾಗಿಂದ ಮಕ್ಕೊಂಡೇ ಇರ್ತದ, ತಮ್ಮಾ. ಒಮ್ಮೆ ಅದು ನಿಂತಿದ್ದು ನಾ ನೋಡಬೇಕಾಗ್ಯಾದ. ನಿನಗ ಆಗಲ್ಲಂದ್ರ ಹೇಳಿಬಿಡು, ನಾ ಒಬ್ಬಾಕೇ ಹೋಗ್ತೀನಿ" ಎಂದಳು.

ಅವಳು ಹೊಲಿದ ಕೌದಿಗಳೆಲ್ಲ ಬಾಣಂತಿಯರ ಕೆಳಗೆ, ಕೂಸುಗಳ ಮೇಲೆ, ಆಮೇಲೆ ಎತ್ತಿನ ಬೆನ್ನ ಮೇಲೆ, ಕಡೆಗೆ ಟ್ರ್ಯಾಕ್ಟರಿನ ಸೀಟಿನ ಮೇಲೆ ಮುಗಿದಿದ್ದವು. ಒಂದನ್ನಾದರೂ ಪೂರ್ತಿ ಬಿಚ್ಚಿ ನೋಡಿದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ನಾನೂ ನೋಡಿದವನಲ್ಲ, ಹೊದ್ದುಕೊಂಡವನು. ಮನೆಯಲ್ಲಿ ಕೂತು ಅವಳ ದಾರಿ ಕಾಯುತ್ತ ಚಿಂತಿಸುವುದಕ್ಕಿಂತ ಜೊತೆಗೆ ಹೋಗಿ ಚಿಂತಿಸುವುದು ಲೇಸೆಂದು ಹೊರಟೆ.

ಸನ್ನತಿಯಿಂದ ನೇರ ವಾಡಿಗೆ ಬರುತ್ತೇನೆಂದವಳನ್ನು, ಬಸ್ಸು ಕೈಕೊಟ್ಟೀತೆಂದು ಹೆದರಿಸಿ, ಹಿಂದಿನ ದಿನವೇ ಸೇಡಂಗೆ ಕರೆಸಿಕೊಂಡೆ. ಮುಂಜಾನೆ ಜೀಪು ಮಾಡಿಕೊಂಡು ವಾಡಿ ಜಂಕ್ಷನ್ ಮುಟ್ಟಿದಾಗ ರೈಲಿಗೆ ಇನ್ನೂ ಎರಡೂವರೆ ತಾಸಿತ್ತು. ರೈಲು ಸರಿಯಾದ ಸಮಯಕ್ಕೆ ಬಂತು. ನಮ್ಮ ಡಬ್ಬಿ ಅದಕ್ಕೆ ಜೋಡಿಸಿಯೇ ಇತ್ತು. ಕಿಟಕಿಯಾಚೆ ಶಹಾಬಾದಿನ ಕಲ್ಲಿನ ಗಣಿಗಳು, ಅಡ್ಡಗೋಡೆಯ ಹಾಗೆ ಪೇರಿಸಿಟ್ಟ ಚಪ್ಪಡಿಗಳು ಹೋದವು. ಕಲಬುರಗಿ ಹೋಯಿತು. ಸೊಲ್ಲಾಪುರದಲ್ಲಿ ಅಕ್ಕ ನೀರಿಗೆ ಇಳಿದಳು, ನೀರು ಹಿಡಿದಳು, ಚಹಾ ಕುಡಿದಳು, ಚಹಾ ಮಾರುವವನ ಊರು ಯಾವುದೆಂದು ವಿಚಾರಿಸಿದಳು, ಹತ್ತಿದಳು. ಆ ಆರು ನಿಮಿಷದಲ್ಲಿ ನನ್ನ ರಕ್ತದೊತ್ತಡ ಎಷ್ಟಿತ್ತೆಂದು ಅಳೆಯುವವರು ಯಾರೂ ಇರಲಿಲ್ಲ. ಘಟ್ಟದ ಸುರಂಗಗಳಲ್ಲಿ ನಾನು ಕೌದಿಯ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತೆ. ಸಂಜೆ ದಾದರಿನಲ್ಲಿ ಇಳಿದೆವು. ಲಾಡ್ಜಿನವನು ಎರಡೂ ಕಾರ್ಡುಗಳನ್ನು ನೋಡದೆಯೇ ಝೆರಾಕ್ಸ್ ಮಾಡಿ ಮರಳಿ ಕೊಟ್ಟ. ಸಿದ್ಧಮಾಡಿಟ್ಟುಕೊಂಡಿದ್ದ ವಿವರಣೆ ನನ್ನ ಬಾಯಲ್ಲೇ ಉಳಿಯಿತು. ಅದೊಂದು ಸಣ್ಣ ನಿರಾಶೆಯೇ.

ಶುಕ್ರವಾರ ಬೆಳಿಗ್ಗೆ ನಾವು ಹೋಗಬೇಕಾದದ್ದು ಚರ್ನಿ ರೋಡ್ ಸ್ಟೇಷನ್ನಿಗೆ. ಜನಸಂದಣಿ ಇಳಿಯಲೆಂದು ಹನ್ನೊಂದರವರೆಗೆ ಕಾದೆವು. ಇದು ನನ್ನ ಯೋಜನೆ, ಚೆನ್ನಾಗಿಯೇ ಇತ್ತು. ನಿಧಾನ ಗಾಡಿಯಲ್ಲಿ ಕೂರಲು ಜಾಗವೂ ಸಿಕ್ಕಿತು. ಅಕ್ಕ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಎದುರಿನ ಹೆಂಗಸು ಅವಳನ್ನು ಹಿಂದಿಯಲ್ಲಿ ಏನೋ ಕೇಳಿದಳು. ನಾನು ನನ್ನ ಸಾಲೆಯ ಹಿಂದಿಯನ್ನು ಒಳಗೊಳಗೇ ಜೋಡಿಸಿಕೊಳ್ಳುವಷ್ಟರಲ್ಲಿ ಅಕ್ಕ ನಮ್ಮ ಕಡೆಯ ಉರ್ದುವಾದ ದಖ್ನಿಯಲ್ಲಿ ಎರಡು ಊರಿನ ಮಾತು ಮುಗಿಸಿದ್ದಳು. ಬೇಡ ಎನ್ನಲು ಅವಳಾಡುವ "ನಕೋ" ಮರಾಠಿಗೂ ನಡೆಯುತ್ತಿತ್ತು, ಹಿಂದಿಗೂ ನಡೆಯುತ್ತಿತ್ತು. ಮೂರು ದಿನ ಆ ಊರಿನಲ್ಲಿ ನಾವು ನಡೆಸಿದ ವ್ಯವಹಾರದ ಅರ್ಧ ಆ ಒಂದು ಮಾತಿನಿಂದಲೇ ಆಯಿತೆನ್ನಬೇಕು.

ಇನ್ನು ನಮ್ಮ ತಪ್ಪು. ನಾವಿಬ್ಬರೂ ಬೆಳೆದದ್ದು ವಾಡಿಯ ಮಗ್ಗುಲಿಗೆ; ಅಪ್ಪನ ಹೊಲದ ಬದುವಿಗೆ ನಿಂತರೆ ಸ್ಟೇಷನ್ನಿನ ಸಿಗ್ನಲ್ ಕಾಣುತ್ತಿತ್ತು. ಜಂಕ್ಷನ್ನಿನ ಮಕ್ಕಳೆಂಬ ಜಂಬ ನಮಗೆ ಈಗಲೂ ಇದೆ. ನಮ್ಮ ಪಾಲಿಗೆ ರೈಲೆಂದರೆ ಬಂದು ನಿಲ್ಲುವಂಥದ್ದು. ವಾಡಿಯಲ್ಲಿ ಗಾಡಿ ನಿಂತ ಮೇಲೆ ಜನ ಕಣ್ಣುಜ್ಜಿ ಏಳುತ್ತಾರೆ, ಚಾದರ ಮಡಚುತ್ತಾರೆ, ಸೀಟಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕುತ್ತಾರೆ, ಉಳಿಯುವವರಿಗೆ ಹೋಗಿಬರುತ್ತೇವೆಂದು ಹೇಳಿ ಇಳಿಯುತ್ತಾರೆ. ಆಗಲೂ ಗಾಡಿ ಅಲ್ಲೇ ನಿಂತಿರುತ್ತದೆ. ಓಡುವ ಗಾಡಿಯಲ್ಲಿ ಎದ್ದು ನಿಲ್ಲುವುದು ಅವಸರಗೇಡಿಗಳ ಕೆಲಸವೆಂದು ಅಪ್ಪ ಬೈಯುತ್ತಿದ್ದ.

ಚರ್ನಿ ರೋಡ್ ಬಂತು, ಗಾಡಿ ನಿಂತಿತು. ಅಕ್ಕ ಕಾಲು ಕೆಳಗಿಳಿಸಿ ಒಂದು ಚಪ್ಪಲಿ ಹಾಕಿಕೊಂಡಳು. ಇನ್ನೊಂದನ್ನು ಹಾಕಿಕೊಳ್ಳುವಷ್ಟರಲ್ಲಿ ಚರ್ನಿ ರೋಡ್ ಹಿಂದಕ್ಕೆ ಸರಿಯುತ್ತಿತ್ತು. ನಾನು ಎದ್ದೇಳು, ಬಾಗಿಲಿಗೆ ಹೋಗಿ ನಿಲ್ಲೋಣ ಎಂದೆ. ಬಾಗಿಲಲ್ಲಿ ಬಿದ್ದುಗಿದ್ದೇವೆಂದು ಮತ್ತೆ ನಾನೇ ಅವಳನ್ನು ಕೂರಿಸಿದೆ. ಮರೀನ್ ಲೈನ್ಸ್ ಬಂತು, ನಿಂತಿತು. ನಾವು ಎದ್ದೆವು, ಗಂಟು ಎತ್ತಿಕೊಂಡೆವು, ಎದುರಿನ ಹೆಂಗಸಿಗೆ ಅಕ್ಕ ಬರುತ್ತೇವೆಂದು ಹೇಳಿದಳು. ಗಾಡಿ ಹೊರಟಿತ್ತು. ಚರ್ಚ್‌ಗೇಟಿನಲ್ಲಿ ಇಳಿದೆವು, ಏಕೆಂದರೆ ಅಲ್ಲಿ ಹಳಿಯೇ ಮುಗಿದಿತ್ತು.

"ಇವರ ಗಾಡಿಗೆ ಕುಂದ್ರಾಕೂ ಪುರಸೊತ್ತಿಲ್ಲ, ನಿಲ್ಲಾಕೂ ಪುರಸೊತ್ತಿಲ್ಲ" ಎಂದು ಅಕ್ಕ ಗೊಣಗಿದಳು. ತಪ್ಪು ಗಾಡಿಯದೇ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಅಲ್ಲಿಂದ ಟ್ಯಾಕ್ಸಿ. ಅವನು ನಮ್ಮನ್ನು ಎಲ್ಲಿಗೂ ಸುತ್ತಿಸಲಿಲ್ಲ. ಸಮುದ್ರದ ದಂಡೆಯ ರಸ್ತೆಯಿಂದ ನೇರ ಕರೆದೊಯ್ದ. ಅಕ್ಕ ಸಮುದ್ರ ನೋಡಿದ್ದು ಅದೇ ಮೊದಲು. ಅವಳು ಅಳಬಹುದು, ಕೈಮುಗಿಯಬಹುದು, ಇಳಿಯುತ್ತೇನೆಂದು ಹಟ ಹಿಡಿಯಬಹುದು, ತಡವಾಗಬಹುದು ಎಂದು ನಾನು ಗಡಿಯಾರ ನೋಡಿಕೊಂಡೆ. ಅವಳು ಸ್ವಲ್ಪ ಹೊತ್ತು ಕಿಟಕಿಯಿಂದ ನೋಡಿ, ಭೀಮಾ ನದಿ ತುಂಬಿ ಬಂದಾಗ ಸನ್ನತಿಯಲ್ಲಿಯೂ ಹೀಗೇ ಇರುತ್ತದೆ, ಆದರೆ ಅದು ಎಂಟು ದಿನಕ್ಕೆ ಇಳಿಯುತ್ತದೆ ಎಂದಳು. ಇದು ಇಳಿಯುವುದಿಲ್ಲವೆಂದು ನಾನು ಹೇಳಿದೆ. ಹಾಗಾದರೆ ಈ ಜನ ದಂಡೆಗೇ ಯಾಕೆ ಮನೆ ಕಟ್ಟಿದ್ದಾರೆ ಎಂದು ಕೇಳಿದಳು. ನನಗೂ ಆ ಚಿಂತೆ ಶುರುವಾಯಿತು.

ಪ್ರದರ್ಶನ ನಿಜವಾಗಿಯೂ ಇತ್ತು. ಗಲ್ಲಿಯೊಳಗಿನ ಒಂದು ಹಳೆಯ ಬಂಗಲೆ. ಪಡಸಾಲೆಗೆ ಹಾಸಿದ್ದು ನಮ್ಮ ಶಹಾಬಾದ್ ಕಲ್ಲೇ ಇರಬೇಕು. ಅಕ್ಕ ಅದರ ಮೇಲೆ ಕಾಲಿಟ್ಟವಳೇ ಮನೆಗೆ ಬಂದವಳಂತೆ ಗಂಟು ಇಳಿಸಿ ಕೂತಳು. ಸನ್ನತಿಗೆ ಬಂದಿದ್ದ ಕನ್ನಡಕದಾಕೆ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಗಂಟೆ ಹನ್ನೆರಡೂವರೆ. ಐದಕ್ಕೆ ಇನ್ನೂ ನಾಲ್ಕೂವರೆ ತಾಸು. ನನಗೆ ಹೆದರಲು ಏನೂ ಉಳಿದಿರಲಿಲ್ಲ, ಅದೇ ಹೆದರಿಕೆಯಾಯಿತು.

ಉದ್ದನೆಯ ಮೇಜಿನ ಮೇಲೆ ಕೌದಿ ಬಿಚ್ಚಿದರು. ನಾನು ಅದನ್ನು ಪೂರ್ತಿ ನೋಡಿದ್ದು ಆಗಲೇ. ನಡುವೆ ಅವ್ವನ ಇಳಕಲ್ ಸೀರೆಯ ಚೌಕ, ಸುತ್ತ ಅಕ್ಕನ ಅತ್ತೆಯ ಸೀರೆಗಳು, ಭಾವನ ಧೋತರ, ಅಂಚಿಗೆ ಮೊಮ್ಮಕ್ಕಳ ಸಾಲೆಯ ಅಂಗಿಯ ನೀಲಿ. ಎಲ್ಲದರ ಮೇಲೆ ಒಂದೇ ಕೆಂಪು ದಾರದ ಹೊಲಿಗೆ, ನಡುವಿನಿಂದ ಸುತ್ತುತ್ತ ಅಂಚಿನವರೆಗೆ. ಕನ್ನಡಕದಾಕೆ ಬಿಳಿ ಕೈಗವಸು ಹಾಕಿಕೊಂಡು ಗೇಣು ಗೇಣು ಒತ್ತಿ ನೋಡುತ್ತ ಬಂದಳು. ಬಂದ ಪ್ರತಿಯೊಂದು ಬಟ್ಟೆಯನ್ನೂ ಹೀಗೆ ನೋಡಿಯೇ ತೂಗುಹಾಕುವುದಂತೆ. ಕಡೆಯ ಮೂಲೆಗೆ ಬಂದಾಗ ಅವಳ ಬೆರಳು ನಿಂತಿತು. ಒಳಗೆ ಏನೋ ಗಟ್ಟಿಯಾದದ್ದು ಇತ್ತು. ಏನದು ಎಂದು ಕೇಳಿದಳು.

"ರೊಟ್ಟಿ" ಎಂದಳು ಅಕ್ಕ.

ಕನ್ನಡಕದಾಕೆ ನನ್ನತ್ತ ನೋಡಿದಳು. ನಾನು ಗೋಡೆಯತ್ತ ನೋಡಿದೆ. ಅಕ್ಕ ತನ್ನ ದಖ್ನಿಯಲ್ಲಿ ತಿಳಿಸಿ ಹೇಳಿದಳು. ಕೌದಿ ಹೊಲಿದು ಮುಗಿಸುವಾಗ ಕಡೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ; ಒಂದು ಚೂರು ರೊಟ್ಟಿ, ಅದಕ್ಕೊಂದಿಷ್ಟು ಬೆಲ್ಲ ಸವರಿ ಒಳಗಿಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿರಬೇಕು. ಅದು ಹಸಿದಿದ್ದರೆ ಹೊದ್ದು ಮಲಗಿದವರೂ ಹಸಿಯುತ್ತಾರೆ. ಮೊದಲ ಸಲ ಒಗೆದಾಗ ರೊಟ್ಟಿ ಕರಗಿಹೋಗುತ್ತದೆ, ಅಷ್ಟರಲ್ಲಿ ಅದರ ಊಟ ಆಗಿರುತ್ತದೆ. ಫೋಟೋ ತೆಗೆದಾಗ ಈ ಮೂಲೆ ಇನ್ನೂ ಹೊಲಿದಿರಲಿಲ್ಲ, ಅದಕ್ಕೇ ನಿನಗೆ ಗೊತ್ತಾಗಿಲ್ಲ ಎಂದು ಸಮಾಧಾನವನ್ನೂ ಹೇಳಿದಳು.

ಕನ್ನಡಕದಾಕೆ ಕೈಗವಸು ಕಳಚಿ ಅಕ್ಕನ ಪಕ್ಕಕ್ಕೆ ಕೂತಳು. ತಿನ್ನುವ ಪದಾರ್ಥ ಇರುವ ಬಟ್ಟೆಯನ್ನು ಒಳಗೆ ಬಿಡುವಂತಿಲ್ಲ, ಹುಳ ಬೀಳುತ್ತವೆ, ಬಿದ್ದರೆ ಅದೊಂದಕ್ಕೇ ಬೀಳುವುದಿಲ್ಲ ಎಂದಳು. ಪಕ್ಕದ ಗೋಡೆಯಲ್ಲಿ ನೂರು ವರ್ಷ ಹಳೆಯ ಕೌದಿಯೊಂದು ಇತ್ತು. ಅದನ್ನು ಕೊಟ್ಟವರಿಗೆ ಅವಳು ಮಾತು ಕೊಟ್ಟಿದ್ದಳು. ಅವಳ ದನಿಯಲ್ಲಿ ಗಡಸಿರಲಿಲ್ಲ. ಆದರೆ ಹೇಳಿದ್ದರ ಅರ್ಥ ಇಷ್ಟೇ: ರೊಟ್ಟಿ ತೆಗೆಯಬೇಕು, ಇಲ್ಲವೇ ಕೌದಿ ಮರಳಿ ಹೋಗಬೇಕು.

ನಾನು ತಕ್ಷಣ ತೆಗೆದುಬಿಡೋಣ ಎಂದೆ. ರೈಲು, ಮಳೆ, ಇಲಿ, ಮೋಸ ಎಲ್ಲವನ್ನೂ ಯೋಚಿಸಿದ್ದವನಿಗೆ ಒಂದು ಚೂರು ರೊಟ್ಟಿ ಹೊಳೆದಿರಲಿಲ್ಲ. ಅಕ್ಕ ನನ್ನ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೂಲೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಅವಳು ಎದ್ದು ಕೌದಿ ಮಡಚಲು ಶುರುಮಾಡಿದರೆ ಏನು ಹೇಳಬೇಕೆಂದು ನಾನು ಯೋಚಿಸಿದೆ. ಹಸಿದ ಕೌದಿಯನ್ನು ಅವಳು ಯಾರ ಮನೆಗೂ ಕೊಟ್ಟವಳಲ್ಲ. ಬೇಡವೆಂದು ಅವಳು ಮನೆಗೆ ಒಯ್ದರೆ, ಅದು ಅಲ್ಲಿ ಮತ್ತೆ ಮಡಿಕೆಯಾಗಿ ಮಂಚದ ಕೆಳಗೆ ಸೇರುವುದೆಂದು ಇಬ್ಬರಿಗೂ ಗೊತ್ತಿತ್ತು.

ಕಡೆಗೆ ಅಕ್ಕ, ಇಲ್ಲಿ ಇದನ್ನು ಯಾರಾದರೂ ಹೊದ್ದುಕೊಳ್ಳುತ್ತಾರೇನು ಎಂದು ಕನ್ನಡಕದಾಕೆಯನ್ನು ಕೇಳಿದಳು. ಇಲ್ಲ, ಯಾರೂ ಮುಟ್ಟುವುದೂ ಇಲ್ಲ ಎಂದಳು ಆಕೆ. ರಾತ್ರಿ ಇಲ್ಲಿ ಯಾರಾದರೂ ಮಲಗುತ್ತಾರೇನು? ಇಲ್ಲ, ಬೀಗ ಹಾಕುತ್ತೇವೆ.

"ಹೊದ್ಕೊಳ್ಳೋರೇ ಇಲ್ಲಂದ್ರ ಹಸಿಯೋರೂ ಇಲ್ಲ" ಎಂದು ಅಕ್ಕ ನನ್ನತ್ತ ತಿರುಗಿ ಹೇಳಿದಳು. "ನಲವತ್ತು ದಿನ ಉಪಾಸ ಮಾಡಲಿ. ನಮ್ಮ ಅತ್ತಿ ಶ್ರಾವಣ ಪೂರ್ತಿ ಮಾಡ್ತಿದ್ಳು, ಅಕಿ ಸೀರಿನೂ ಇದರಾಗ ಅದ. ಮನಿಗಿ ಬಂದ ಮ್ಯಾಲೆ ಮತ್ತ ಉಣಸ್ತೀನಿ."

ಹಾಗೆ ತೀರ್ಮಾನವಾಯಿತು. ಮೂಲೆ ಬಿಚ್ಚುವುದಕ್ಕೆ ಅಕ್ಕ ತನ್ನ ಡಬ್ಬಿಗಾಗಿ ಚೀಲದಲ್ಲಿ ಕೈ ಹಾಕಿದಳು. ಅದೊಂದು ಹಳೆಯ ಬಿಸ್ಕೀಟಿನ ತಗಡಿನ ಡಬ್ಬಿ. ಅದರಲ್ಲಿ ಸೂಜಿ, ಕತ್ತರಿ, ಈ ಕೌದಿಗೆ ಉಳಿದ ಕೆಂಪು ದಾರದ ಉಂಡೆ ಇರುತ್ತವೆ. ಎಲ್ಲಿಗೆ ಹೋದರೂ ಅದು ಅವಳ ಜೊತೆಗಿರುತ್ತದೆ. ಚೀಲ ತಡಕಿದಳು, ಬುತ್ತಿಗಂಟು ಹೊರತೆಗೆದಳು, ಸೀರೆ ಹೊರತೆಗೆದಳು, ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು.

ಡಬ್ಬಿ ಸೇಡಂನಲ್ಲಿತ್ತು. ನಮ್ಮ ಅಡುಗೆಮನೆಯ ಮಾಡದಲ್ಲಿ, ಅರಿಶಿನದ ಡಬ್ಬಿಯ ಹಿಂದೆ. ಹೊರಡುವ ಮುನ್ನ ಅಕ್ಕ ಸ್ನಾನಕ್ಕೆ ಹೋದಾಗ ನಾನೇ ತೆಗೆದಿಟ್ಟಿದ್ದೆ. ದೊಡ್ಡ ಊರುಗಳ ಸ್ಟೇಷನ್ನಿನಲ್ಲಿ ಚೀಲಗಳನ್ನು ಯಂತ್ರದೊಳಗೆ ಹಾಯಿಸುತ್ತಾರೆ, ಕತ್ತರಿ ಕಂಡರೆ ನಿಲ್ಲಿಸಿ ವಿಚಾರಣೆ ಮಾಡುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಹೇಳಿದರೆ ಅಕ್ಕ ಒಪ್ಪುವುದಿಲ್ಲವೆಂದು ಹೇಳದೆಯೇ ತೆಗೆದಿದ್ದೆ. ನಮ್ಮ ಚೀಲವನ್ನು ದಾರಿಯುದ್ದಕ್ಕೂ ಯಾರೂ ಯಾವ ಯಂತ್ರದೊಳಗೂ ಹಾಕಲಿಲ್ಲ.

"ಗಡಿಬಿಡ್ಯಾಗ ಬಿಟ್ಟು ಬಂದಿರಬೇಕ ನಾ" ಎಂದಳು ಅಕ್ಕ. ನಾನು ಇರಬಹುದು ಎಂದೆ. ಐವತ್ತಮೂರು ವರ್ಷದಲ್ಲಿ ನಾನು ಆಡಿದ ಸುಳ್ಳುಗಳಲ್ಲಿ ಇಷ್ಟು ಚಿಕ್ಕದು, ಇಷ್ಟು ಕೆಟ್ಟದ್ದು ಬೇರೆ ನೆನಪಿಲ್ಲ.

ಕನ್ನಡಕದಾಕೆ ಒಳಗಿನಿಂದ ಸೂಜಿ, ದಾರ, ಸಣ್ಣ ಕತ್ತರಿ ತಂದಳು. ಅವರಲ್ಲಿದ್ದದ್ದು ಬಿಳಿ ದಾರವೊಂದೇ. ಹಳೆಯ ಬಟ್ಟೆಗಳನ್ನು ದುರಸ್ತಿ ಮಾಡುವ ವಿಶೇಷ ದಾರವಂತೆ, ಬಣ್ಣ ಬಿಡುವುದಿಲ್ಲವಂತೆ. ಹೊರಗಿನಿಂದ ಕೆಂಪು ದಾರ ತರುತ್ತೇನೆಂದು ನಾನು ಎದ್ದೆ. ಅದು ಬಣ್ಣ ಬಿಟ್ಟರೆ ಕಷ್ಟ, ಬೇಡ ಎಂದಳು ಆಕೆ. ಬಣ್ಣ ಬಿಡಬಹುದೆಂಬ ಭಯ ನನ್ನದಲ್ಲ, ಅವಳದ್ದು. ಆದರೂ ಅದಕ್ಕೆ ಎದುರಾಡುವ ನೈತಿಕ ಹಕ್ಕು ನನಗಿರಲಿಲ್ಲ.

ಅಕ್ಕ ಮೂಲೆ ಬಿಚ್ಚಿ, ಎರಡು ಬೆರಳು ಹಾಕಿ, ಕಂದುಬಣ್ಣಕ್ಕೆ ತಿರುಗಿದ್ದ ರೊಟ್ಟಿಯ ಚೂರನ್ನು ಹೊರತೆಗೆದಳು. ಹೊಸ ದಾರವನ್ನು ಬೆಳಕಿಗೆ ಹಿಡಿದು ನೋಡಿದಳು, ನಿಟ್ಟುಸಿರಿಡದೆ ಸೂಜಿಗೆ ಪೋಣಿಸಿದಳು, ಹತ್ತು ನಿಮಿಷದಲ್ಲಿ ಮೂಲೆ ಮುಚ್ಚಿದಳು. ರೊಟ್ಟಿಯನ್ನು ಅಂಗಳದಲ್ಲಿ ಮುರಿದು ಹಾಕಿದ್ದಕ್ಕೆ ಪಾರಿವಾಳಗಳು ಬಂದು ತಿಂದವು. ಅವಕ್ಕೆ ಏನಾದರೂ ಆದೀತೆಂದು ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಏನೂ ಆಗಲಿಲ್ಲ. ಎರಡು ಗಂಟೆಗೆ ರಸೀದಿ ಕೈಗೆ ಬಂತು.

ಮರುದಿನ ಬಾಗಿಲು ತೆರೆದಾಗ ನಾವು ಮೊದಲಿಗರು. ಒಳಗಿನ ಕೋಣೆಯ ಬಿಳಿ ಗೋಡೆಯ ಮೇಲೆ ಕೌದಿ ನಿಂತಿತ್ತು. ಮೇಲಿನಿಂದ ದೀಪ ಬಿಟ್ಟಿದ್ದರು. ಪ್ರತಿಯೊಂದು ಹೊಲಿಗೆಗೂ ಅದರದೇ ಸಣ್ಣ ನೆರಳಿತ್ತು. ಅಕ್ಕ ಹತ್ತಿರ ಹೋದಳು, ಹಿಂದೆ ಸರಿದಳು, ಇನ್ನೂ ಹಿಂದೆ ಸರಿದು ಬಾಗಿಲಿಗೆ ಬೆನ್ನು ಹಚ್ಚಿ ನಿಂತಳು. ಜನ ಬರತೊಡಗಿದರು. ಒಬ್ಬ ವಯಸ್ಸಾದ ಹೆಂಗಸು ಅದರ ಮುಂದೆ ಹೊಲಿಗೆಯ ಜಾಡನ್ನು ಗಾಳಿಯಲ್ಲಿ ಬೆರಳಿನಿಂದ ಹಿಡಿಯುತ್ತ, ನಡುವಿನಿಂದ ಅಂಚಿನವರೆಗೆ ಹೋದಳು. ಅಕ್ಕ ಅವಳ ಬೆರಳನ್ನೇ ನೋಡುತ್ತಿದ್ದಳು.

ಹೇಳದೆ ಇರಲಾಗದೆ ನಾನು ಡಬ್ಬಿಯ ವಿಷಯ ಹೇಳಿದೆ.

"ನಿನ್ನೆನೇ ಗೊತ್ತಾಗ್ಯಾದ" ಎಂದಳು ಅಕ್ಕ, ಕಣ್ಣು ಕೀಳದೆ. "ನಾ ಚೀಲ ಕೊಡವುವಾಗ ನೀ ಕೆಳಗ ನೋಡಲಿಲ್ಲ, ನನ್ನ ಮಾರಿ ನೋಡಾಕತ್ತಿದ್ದಿ. ಸುಮ್ಕ ಫಿಕರ್ ಮಾಡಬ್ಯಾಡ. ಆದ್ರ ಇನ್ನೊಮ್ಮೆ ನನ್ನ ಡಬ್ಬಿ ಮುಟ್ಟಿದ್ರ ನೋಡು ಮತ್ತ."

ಭಾನುವಾರ ಹೊರಟೆವು, ಆ ರೈಲೂ ಸಮಯಕ್ಕೆ ಬಂತು. ಕೌದಿ ನಲವತ್ತು ದಿನ ಅಲ್ಲಿ ನಿಂತಿತು. ಅದನ್ನು ತೂಗುಹಾಕುವಾಗ ಆ ಮೂಲೆ ಕೆಳಗೆ, ಬಲಕ್ಕೆ, ನೋಡಬಂದವರ ಸೊಂಟದ ಎತ್ತರಕ್ಕೆ ಬಂದಿತ್ತು. ಅಲ್ಲಿ, ಅಷ್ಟೊಂದು ಕೆಂಪು ಹೊಲಿಗೆಯ ಕೊನೆಗೆ, ನಾಲ್ಕು ಬೆರಳಗಲ ಬಿಳಿ ದಾರವಿತ್ತು.